ನಡುಕ ನಿಲ್ಲುವ ಜಾಗ

"ಗುರುಗಳೇ, ನಡುಕದ ರೋಗಕ್ಕೆ ಮಿದುಳಿನಲ್ಲಿ ಒಬ್ಬೊಬ್ಬ ಹಿರಿಯರು ಒಂದೊಂದು ಜಾಗ ತೋರಿಸಿದ್ದಾರೆ. ನಾಳೆ ಬೆಳಿಗ್ಗೆ ನಾನು ಮೊದಲ ಸಲ ಶಸ್ತ್ರ ಹಿಡಿಯಬೇಕು. ಹೆದರಿಕೆಯಾಗುತ್ತಿದೆ, ಯಾರನ್ನು ನಂಬಲಿ?" ಎಂದು ಶಿಷ್ಯ ಕೇಳಿದ.

ಶಸ್ತ್ರವೈದ್ಯರಾಗಿದ್ದ ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವೈದ್ಯನಿದ್ದ. ಅವನ ಬಳಿಗೆ ಬಲಗೈ ನಡುಗುವ ಅಕ್ಕಸಾಲಿಗನೊಬ್ಬ ಬಂದ. ಕೈಯನ್ನು ಆಡಿಸುವುದು ಮಿದುಳಿನ ಮೇಲ್ಪದರ, ಅಲ್ಲಿಯ ಒಂದು ಚೂರನ್ನು ತೆಗೆದರೆ ನಡುಕ ನಿಲ್ಲುತ್ತದೆ ಎಂದು ವೈದ್ಯನಿಗೆ ಹಿರಿಯರು ಕಲಿಸಿದ್ದರು. ಅವನು ಹಾಗೆಯೇ ಮಾಡಿದ. ಎಚ್ಚರವಾದ ಮೇಲೆ ಅಕ್ಕಸಾಲಿಗ ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. "ನಡುಕ ನಿಂತಿತು, ಸ್ವಾಮಿ. ಕೈಯೂ ನಿಂತಿತು" ಎಂದ.

ಅಂದಿನಿಂದ ವೈದ್ಯನಿಗೆ ಊಟ ರುಚಿಸಲಿಲ್ಲ. ಆದರೂ ನಡುಗುವವರು ಬರುವುದು ನಿಲ್ಲಲಿಲ್ಲ.

ಮುಂದೆ ಒಬ್ಬ ಅಂಬಿಗ ಬಂದ. ಅವನ ತಲೆ ತೆರೆದು ಕೆಲಸಕ್ಕೆ ತೊಡಗುವ ಮೊದಲೇ ಒಂದು ಸಣ್ಣ ರಕ್ತನಾಳ ಹರಿದುಹೋಯಿತು. ವೈದ್ಯ ಅದನ್ನು ಕಟ್ಟಿ, ಬೇರೇನನ್ನೂ ಮುಟ್ಟದೆ ತಲೆ ಮುಚ್ಚಿದ. ಇವನನ್ನು ಕೊಂದೆ ಎಂದುಕೊಂಡು ಹಾಸಿಗೆಯ ಪಕ್ಕದಲ್ಲೇ ಕುಳಿತ. ಅಂಬಿಗ ಕಣ್ಣು ತೆರೆದ, ನೀರು ಕೇಳಿದ, ಲೋಟವನ್ನು ತಾನೇ ಹಿಡಿದು ಕುಡಿದ. ಕೈ ನಡುಗಲಿಲ್ಲ. ಆ ನಾಳ ರಕ್ತ ಒಯ್ಯುತ್ತಿದ್ದುದು ಮಿದುಳಿನ ಆಳದಲ್ಲಿರುವ ನರಕೋಶಗಳ ಒಂದು ಗಂಟಿಗೆ; ರಕ್ತ ಸಿಗದೆ ಆ ಗಂಟು ಸತ್ತಿತ್ತು. ಜಾಗ ಸಿಕ್ಕಿತು ಎಂದು ವೈದ್ಯ ನಂಬಿದ. ಮುಂದಿನ ರೋಗಿಯ ತಲೆಯಲ್ಲಿ ಅದೇ ನಾಳವನ್ನು ಬೇಕೆಂದೇ ಕಟ್ಟಿದ. ಆ ರೋಗಿ ಏಳಲೇ ಇಲ್ಲ.

ಬಹುಕಾಲ ವೈದ್ಯ ಶಸ್ತ್ರ ಮುಟ್ಟಲಿಲ್ಲ.

ಕೊನೆಗೆ ಹೂ ಕಟ್ಟುವ ಹೆಂಗಸೊಬ್ಬಳು ಬಂದು ಬೇಡಿಕೊಂಡಳು. ಅವಳನ್ನು ಎಚ್ಚರದಲ್ಲೇ ಮಲಗಿಸಿ, ಸೂಜಿಯಷ್ಟು ತೆಳುವಾದ ತಂತಿಯನ್ನು ಆಳದ ಅದೇ ಗಂಟಿಗೆ ಇಳಿಸಿದ. ಆ ಜಾಗವನ್ನು ಸುಡಬೇಕೆಂದಿದ್ದ. ಸುಡುವ ಮೊದಲು ಪರೀಕ್ಷೆಗೆಂದು ತುಸು ವಿದ್ಯುತ್ ಹರಿಸಿದ. ಬೆರಳುಗಳ ನಡುಕ ನಿಂತಿತು. ವಿದ್ಯುತ್ ನಿಲ್ಲಿಸಿದ, ಬೆರಳುಗಳು ಮತ್ತೆ ನಡುಗಿದವು. ಸುಡುವ ಅಗತ್ಯವೇ ಇರಲಿಲ್ಲ. ಮತ್ತೆ ಹರಿಸಿ, "ಮಾತಾಡಮ್ಮ" ಎಂದ. ಅವಳ ನಾಲಗೆ ತೊದಲಿತು. ತಂತಿಯನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ಕೇಳಿದ. ಅವಳು ತನ್ನ ಮಗಳ ಹೆಸರನ್ನು ಸ್ಪಷ್ಟವಾಗಿ ಹೇಳಿದಳು. ತುಸು ವಿದ್ಯುತ್ ಸದಾ ಹರಿಯುವಂತೆ ಮಾಡಿ ತಂತಿಯನ್ನು ಅಲ್ಲಿಯೇ ಬಿಟ್ಟ.

ಅವಳು ಮತ್ತೆ ಹೂ ಕಟ್ಟಿದಳು. ವೈದ್ಯ ಮಾತ್ರ ಆಗಾಗ ಅವಳ ಮನೆಗೆ ಹೋಗಿ ಬೆರಳು ನೋಡಿ, ಎರಡು ಮಾತಾಡಿಸಿ ಬರುತ್ತಿದ್ದ.

ಗುರುಗಳು ಕತೆ ಮುಗಿಸಿದರು.

"ಇಷ್ಟು ಕೇಳಿದ ಮೇಲೂ ನನ್ನ ಹೆದರಿಕೆ ಹೋಗಲಿಲ್ಲ" ಎಂದ ಶಿಷ್ಯ.

"ಹೋಗಿದ್ದರೆ ನಾಳೆ ನಿನ್ನ ಕೈಗೆ ಶಸ್ತ್ರ ಕೊಡುತ್ತಿರಲಿಲ್ಲ" ಎಂದರು ಗುರುಗಳು.