ಹೆಜ್ಜೆಯಲ್ಲೇ ಹೆಜ್ಜೆಯಿಟ್ಟ ದುಗ್ಗ

ಜೌಗುಗುಡ್ಡದ ಈಚೆ ಬದಿಯಲ್ಲಿ ಸಣ್ಣಕ್ಕ ಅಂತ ಒಬ್ಬಳಿದ್ದಳು. ಅವಳ ಮಗ ದುಗ್ಗ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ಚಿಂತೆ. ಮಗಳು ಚೆನ್ನಿ ಮಳೆಗಾಲದ ಗುಡ್ಡ ದಾಟಿ ತವರಿಗೆ ಬರಲಾಗದೆ ಆಚೆ ಬದಿಯ ಗಂಡನ ಮನೆಯಲ್ಲೇ ಹೆತ್ತಿದ್ದಳು. ಇನ್ನು ನಾಲ್ಕನೇ ದಿನಕ್ಕೆ ತೊಟ್ಟಿಲ ಶಾಸ್ತ್ರ. ಸಣ್ಣಕ್ಕನ ಮನೆಯ ಕೂಸುಗಳೆಲ್ಲ ಮೊದಲು ಮಲಗುವುದು ಅಜ್ಜಿಯ ಹಳೇ ಸೀರೆಯ ಮೇಲೆ. ಸಣ್ಣಕ್ಕನಿಗೋ ಮಂಡಿನೋವು. ಸೀರೆಯ ಗಂಟು ದುಗ್ಗನ ತಲೆಗೇರಿತು.

"ಅಲ್ಲಿ ಇಲ್ಲಿ ನಿಲ್ಲಬೇಡ, ನೆಟ್ಟಗೆ ಹೋಗು."

ನೆಟ್ಟಗೆ ಹೋದ. ಜೌಗು ಬಂತು, ಆಗಲೂ ನೆಟ್ಟಗೆ ಹೋದ. ಸೊಂಟದವರೆಗೆ ಹೂತ. ಎಮ್ಮೆ ಕಾಯುವವರು ಹಗ್ಗ ಹಾಕಿ ಎಳೆದು ಮನೆಗೆ ಅಟ್ಟಿದರು.

"ಅಯ್ಯೋ ಮಂಕೇ, ಕೋಲು ಊರಿ ನೋಡಬಾರದಾ? ಕೋಲು ಇಳಿದರೆ ಹಿಂದಕ್ಕೆ ಬಂದುಬಿಡಬೇಕು."

"ಆಗಲವ್ವ."

ಮಾರನೇ ದಿನ ಕೋಲು ಊರುತ್ತಾ ಊರುತ್ತಾ ಗುಡ್ಡ ದಾಟಿದ. ಚೆನ್ನಿಯ ಅತ್ತೆ ಆಗಷ್ಟೇ ನೆಲಕ್ಕೆ ಮಣ್ಣು ಮೆತ್ತಿ ಸಾರಿಸಿದ್ದಳು. ಹೊಸಿಲಾಚೆ ಕೋಲು ಊರಿದ. ಎರಡು ಬೆರಳು ಇಳಿಯಿತು. ಹಿಂದಕ್ಕೆ ಬಂದುಬಿಟ್ಟ, ಮನೆಯವರೆಗೂ.

"ಅಕ್ಕ ಕರೀಲಿಲ್ವೇನೋ?"

"ಕರೆದಳು. ಹೂತುಹೋಗ್ತೀಯ, ನೀನೇ ಈಚೆ ಬಾ ಅಂದೆ."

ಸಣ್ಣಕ್ಕ ತಲೆ ಹಿಡಿದು ಕೂತಳು. "ನಾಳೆ ಒಂದೇ ದಿನ ಉಳಿದಿರೋದು, ಮಗಾ. ಕೋಲು ಬಿಡು. ಮುಂದೆ ನಡೆದವರ ಹೆಜ್ಜೆ ಇರುತ್ತಲ್ಲ, ಆ ಹೆಜ್ಜೆಯಲ್ಲೇ ಹೆಜ್ಜೆ ಇಡು. ಹೋಗ್ತಾನೂ ಅಷ್ಟೆ, ಬರ್ತಾನೂ ಅಷ್ಟೆ. ಬೇರೆ ಕಡೆ ಕಾಲಿಟ್ಟರೆ ನನ್ನಾಣೆ."

ರಾತ್ರಿಯ ಮಳೆಗೆ ಹಳೆಯ ಗುರುತೆಲ್ಲ ಅಳಿಸಿತ್ತು. ಬೆಳಿಗ್ಗೆ ಒಬ್ಬ ಎಮ್ಮೆ ಕಾಯುವವನು ಚೆನ್ನಿಯ ಮನೆ ಬಾಗಿಲ ಮುಂದೆಯೇ ಹಾದು ಆಚೆ ಊರಿಗೆ ಹೋಗಿದ್ದ. ದುಗ್ಗ ಅವನ ಹೆಜ್ಜೆಯಲ್ಲೇ ಹೆಜ್ಜೆಯಿಟ್ಟ. ಮನೆಯೊಳಗಿನ ಹಸಿನೆಲದಲ್ಲಿ ಚೆನ್ನಿಯ ಹೆಜ್ಜೆ ಹಿಡಿದು ತೊಟ್ಟಿಲ ಬಳಿಗೇ ಹೋಗಿ ನಿಂತ. ಚೆನ್ನಿ ಸೀರೆಯನ್ನು ಕಣ್ಣಿಗೊತ್ತಿಕೊಂಡಳು.

ಸಂಜೆ ಹೊಸಿಲಲ್ಲಿ ಕೂತಿದ್ದ ಸಣ್ಣಕ್ಕನಿಗೆ ಗುಡ್ಡದ ಮೇಲೆ ಮಗನ ಬೆನ್ನು ಕಂಡಿತು. ಬೆನ್ನೇ ಹತ್ತಿರ ಹತ್ತಿರ ಬಂತು. ತಲೆಯ ಮೇಲೆ ಗಂಟಿರಲಿಲ್ಲ.

"ಸೀರೆ ಕೊಟ್ಟೆಯಾ?"

"ಕೊಟ್ಟೆನವ್ವ. ಗುಡ್ಡ ಇಳಿಯೋವರೆಗೂ ಅಕ್ಕ ಕಾಣ್ತಾನೇ ಇದ್ದಳು."

"ಈ ಕಡೆ ತಿರುಗೋ, ಮನೆ ಬಂತು."

"ಹೆಂಗವ್ವ? ಹೆಜ್ಜೆಗಳೆಲ್ಲ ಅಕ್ಕನ ಮನೆ ಕಡೆಗೇ ಮುಖ ಮಾಡಿವೆ."

ಅಂದವನು ಹಿಮ್ಮಡಿ ಮುಂದಾಗಿ ಹೊಸಿಲು ದಾಟಿ, ಬೆಳಿಗ್ಗೆ ಗಂಟು ಹೊತ್ತ ಜಾಗದಲ್ಲೇ ನಿಂತ. ಸಣ್ಣಕ್ಕ ಎದ್ದು ಒಳಗೆ ಬಂದಳು. ತಟ್ಟೆಗೆ ಅನ್ನ ಹಾಕಿಕೊಂಡು, ಕುಂಟುತ್ತಾ ಒಂದು ಸುತ್ತು ಬಂದು, ಅವನ ಮುಖದ ಕಡೆಗೆ ಹೋದಳು.