ಬರೀ ದ್ರಾವಕದ ತಟ್ಟೆ

ನನಗೆ ಕಥೆ ಹೇಳಿ ರೂಢಿಯಿಲ್ಲ. ಎಲ್ಲಾದರೂ ಎಡವಿದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಮೊದಲೇ ಒಂದು ವಿಷಯ ಬಿಡಿಸಿ ಹೇಳಿಬಿಡುತ್ತೇನೆ. ಜೀವಕೋಶದೊಳಗಿನ ಕೆಲಸಗಳನ್ನು ಚುರುಕುಗೊಳಿಸುವುದು ಕಿಣ್ವ. ಅದಕ್ಕೆ ಅಡ್ಡ ಕೂತು ಕೆಲಸ ನಿಲ್ಲಿಸುವ ವಸ್ತು ಪ್ರತಿಬಂಧಕ. ಇಷ್ಟು ತಿಳಿದರೆ ಸಾಕು.

ನದಿ ದಂಡೆಯ ಮೇಲೊಂದು ಪ್ರಯೋಗಾಲಯ. ಅಲ್ಲಿ ಚಂದ್ರಮತಿ ಮೇಡಂ ಗುರು, ಗವಿಸಿದ್ಧ ಶಿಷ್ಯ.

ಮೇಡಂಗೆ ರಕ್ತದ ಕ್ಯಾನ್ಸರ್ ಆಗಿತ್ತು. ಆ ರೋಗದ ಕೋಶಗಳು ಬೆಳೆಯುತ್ತಿದ್ದದ್ದು ಒಂದು ಕಿಣ್ವದ ಬಲದಿಂದ. ಗವಿಸಿದ್ಧ ಊಟ ನಿದ್ದೆ ಬಿಟ್ಟು, ಗಾಜಿನ ತಟ್ಟೆಗಳಲ್ಲಿ ಆ ಕೋಶಗಳನ್ನು ಬೆಳೆಸಿ ಒಂದೊಂದೇ ಪುಡಿ ಹಾಕಿ ನೋಡುತ್ತ, ಆ ಕಿಣ್ವಕ್ಕೊಂದು ಪ್ರತಿಬಂಧಕ ಹುಡುಕುತ್ತಿದ್ದ. ಯಾರಿಗಾಗಿ ಎಂದು ಅವನು ಬಾಯಿಬಿಟ್ಟು ಹೇಳಿರಲಿಲ್ಲ. ಮೇಡಂ ಕೇಳಿಯೂ ಇರಲಿಲ್ಲ.

ಮೇಡಂ ಆಸ್ಪತ್ರೆಗೆ ಸೇರುವ ಹಿಂದಿನ ದಿನ ಅವನು ಓಡಿಬಂದ.

“ಮೇಡಂ, ರೋಗದ ಕೋಶಗಳು ಸತ್ತವು. ಪುಡಿ ಹಾಕದ ತಟ್ಟೆಯಲ್ಲಿ ಬದುಕಿವೆ. ಹಾಕಿದ ತಟ್ಟೆಯಲ್ಲಿ ಒಂದೂ ಉಳಿದಿಲ್ಲ.”

ಮೇಡಂ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು.

“ಪುಡಿ ನೀರಲ್ಲಿ ಕರಗಿತಾ?”

“ಇಲ್ಲ ಮೇಡಂ, ದ್ರಾವಕದಲ್ಲಿ ಕರಗಿಸಿದೆ. ಹಟಮಾರಿ ಪುಡಿ, ಸ್ವಲ್ಪ ಜಾಸ್ತೀನೇ ಬೇಕಾಯ್ತು.”

“ಇನ್ನೊಂದು ತಟ್ಟೆಗೂ ಅಷ್ಟೇ ದ್ರಾವಕ ಹಾಕಿದೆಯಾ?”

“ಇಲ್ಲ...” ಅವನು ದ್ರಾವಕದ ಸೀಸೆಯತ್ತ ತಿರುಗಿದ.

ಇದನ್ನೂ ಬಿಡಿಸಿಯೇ ಹೇಳಬೇಕು. ಹೋಲಿಸಿ ನೋಡುವ ತಟ್ಟೆಗೆ ಪುಡಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಬೀಳಬೇಕು. ಇಲ್ಲದಿದ್ದರೆ ಕೊಂದದ್ದು ಪುಡಿಯೋ ದ್ರಾವಕವೋ ತಿಳಿಯುವುದಿಲ್ಲ. ಗವಿಸಿದ್ಧನೇ ಕಿರಿಯರಿಗೆ ಹೇಳಿಕೊಡುತ್ತಿದ್ದ ಪಾಠ ಅದು.

ಮೇಡಂ ಏನೂ ಬೈಯಲಿಲ್ಲ. ಕೈಗವಸು ಹಾಕಿಕೊಂಡು ಹೊಸ ತಟ್ಟೆಯ ಕೋಶಗಳಿಗೆ ಬರೀ ದ್ರಾವಕವನ್ನು ಅಷ್ಟೇ ಅಳತೆಯಲ್ಲಿ ಹಾಕಿದರು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಬಂದು ನೋಡುತ್ತೇನೆ ಎಂದರು.

ಬೆಳಿಗ್ಗೆ ಮೇಡಂ ಬಂದು ನೋಡಿದಾಗ ಆ ತಟ್ಟೆಯ ಕೋಶಗಳೂ ಸತ್ತಿದ್ದವು.

ಗವಿಸಿದ್ಧ ಸ್ಟೂಲಿನ ಮೇಲೆ ಕುಸಿದ. ಇದನ್ನು ನೋಡದೆ ಇದ್ದಿದ್ದರೆ ಚೆನ್ನಾಗಿತ್ತು, ನೀವಾದರೂ ಧೈರ್ಯವಾಗಿ ಆಸ್ಪತ್ರೆಗೆ ಹೋಗುತ್ತಿದ್ದಿರಿ ಎಂದ.

“ಧೈರ್ಯ ಬೇಕಾಗಿದ್ದದ್ದು ನನಗೋ, ನಿನಗೋ?”

ಅವನು ತಲೆ ತಗ್ಗಿಸಿದ. “ಇಷ್ಟು ಸಣ್ಣ ತಪ್ಪು ಹೇಗೆ ಮಾಡಿದೆ ಮೇಡಂ ನಾನು?”

ಮೇಡಂ ಅವನ ಪಕ್ಕದಲ್ಲಿ ಕೂತರು.

“ನಾನು ಬದುಕಬೇಕು ಅನ್ನೋ ನಿನ್ನ ಆಸೆ ಇದೆಯಲ್ಲ, ಅದೂ ಒಂದು ದ್ರಾವಕವೇ ಕಣೋ. ಅದರಲ್ಲಿ ಎಂಥ ಅನುಮಾನ ಹಾಕಿದರೂ ಕರಗಿಬಿಡುತ್ತೆ. ಅದಕ್ಕೇ...”

ಕೆಳಗಿನಿಂದ ಅವರ ತಮ್ಮ ಕೂಗಿದ. ಹೊತ್ತಾಯಿತು ಅಕ್ಕಾ ಎಂದ.

ಮೇಡಂ ಮಾತು ಅಲ್ಲಿಗೇ ಬಿಟ್ಟು ಎದ್ದರು. ಸತ್ತ ತಟ್ಟೆಗಳನ್ನು ತಾವೇ ಎತ್ತಿ ಬುಟ್ಟಿಗೆ ಹಾಕಿದರು. ಬಾಗಿಲಲ್ಲಿ ಒಮ್ಮೆ ನಿಂತರು.

“ದ್ರಾವಕ ಕಡಿಮೆ ಮಾಡಿ ಹೊಸ ತಟ್ಟೆ ಇಡು. ನಾನು ಬರ್ತೀನಿ ಅಂತ ಕಾಯಬೇಡ.”