ಇನ್ನಾಸಪ್ಪನ ಅರ್ಧ ಉತ್ತರ

"ಕೇಳಿರಯ್ಯಾ ಕೇಳಿ! ಬೆಳ್ಳಿಗುಡ್ಡದ ದೊರೆಗಳ ಅಪ್ಪಣೆ! ಕುಮಾರಿ ಜ್ಞಾನಾಂಬೆಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಕುಮಾರಿಯೊಡನೆ ಮದುವೆ, ಮೇಲೆ ಅರ್ಧ ರಾಜ್ಯ. ಒಂದು ತಪ್ಪಿದರೂ ತಲೆದಂಡ!"

ಡಂಗುರ ಕೇಳಿದ್ದೇ ತಡ, ಜಾಣರೆಲ್ಲ ಮೀಸೆ ತಿರುವಿಕೊಂಡು ಅರಮನೆಗೆ ಹೊರಟರು. ಒಗಟು ಮಗಳದು, ತಲೆದಂಡದ ಮಾತು ಅಪ್ಪನದು. ರಾಣಿ ತೀರಿಕೊಂಡ ಮೇಲೆ ಮಗಳು ನಗುವುದನ್ನೇ ಬಿಟ್ಟಿದ್ದಳು. ಕಂಡಕಂಡವರು ಬಂದು ಅವಳ ತಲೆ ತಿನ್ನದಿರಲೆಂದು ದೊರೆ ಈ ಹೆದರಿಕೆ ಹಾಕಿದ್ದ. ಆದರೆ ತಾನು ಜಾಣ ಎಂದುಕೊಂಡವನು ಹೆದರುತ್ತಾನೆಯೇ? ಹೋದವರೆಲ್ಲ ಮೊದಲ ಒಗಟಿಗೇ ಮುಗ್ಗರಿಸಿ ಸೆರೆಮನೆ ಸೇರಿದರು. ಊರಹಬ್ಬ ಕಳೆದ ಮೇಲೆ ಎಲ್ಲರ ತಲೆಯೂ ಒಟ್ಟಿಗೆ ಹೋಗುವುದೆಂದು ತೀರ್ಮಾನವಾಯಿತು.

ಹಾಗೆ ಸಿಕ್ಕಿಬಿದ್ದವರಲ್ಲಿ ಕ್ರೈಸ್ತರ ಕೇರಿಯ ಚೌರಪ್ಪನೂ ಒಬ್ಬ. ಅವನ ತಮ್ಮ ಇನ್ನಾಸಪ್ಪ ಚಾಪೆ ಹೆಣೆಯುವವನು. ಒಳ್ಳೆಯವನೇ, ಆದರೆ ಪ್ರತಿಯೊಂದಕ್ಕೂ ನಾಲ್ಕು ಜನರನ್ನು ಕೇಳಬೇಕು. "ನಮ್ ಇನ್ನಾಸಿ ಊಟಕ್ ಕೂತ್ರೂ ಯಾವ ಕೈಲಿ ಉಣ್ಲಿ ಅಂತ ಕೇಳ್ತಾನೆ" ಎಂದು ಕೇರಿಯವರು ನಗುತ್ತಿದ್ದರು.

ತಾಯಿ ಆರೋಗ್ಯಮ್ಮ ಅವನನ್ನು ಕರೆದು, "ನಿಮ್ಮಣ್ಣನ್ನ ಬಿಡಿಸ್ಕೊಂಡ್ ಬಾ ಮಗ" ಎಂದಳು.

"ನಂಗೇನ್ ಗೊತ್ತವ್ವಾ?"

"ಗೊತ್ತಿಲ್ಲ ಅನ್ನೋದಾದ್ರೂ ಗೊತ್ತಲ್ಲ, ಅಷ್ಟು ಸಾಕು. ನಿಂಗೆ ನಾವಿದೀವಿ, ನಮಗೆ ಯೇಸುಸ್ವಾಮಿ ಅವ್ನೆ."

ಇನ್ನಾಸಪ್ಪ ಹೊರಟ. ಅರಮನೆಯ ಪಹರೆಯವರು ಅವನನ್ನು ಹಿತ್ತಲ ಬಾಗಿಲಿನಿಂದ ಒಳಗೆ ಬಿಟ್ಟರು. ಗಾಬರಿಯಲ್ಲಿ ತಲೆ ಬಗ್ಗಿಸುವುದನ್ನು ಮರೆತು ಹಣೆ ಬಡಿಸಿಕೊಂಡು, ಬುಗುಟೆ ಸವರಿಕೊಳ್ಳುತ್ತ ಸಭೆಗೆ ಬಂದು ನಿಂತ. ಅವನ ಪಕ್ಕದಲ್ಲಿ ಒಬ್ಬ ರಾಜಕುಮಾರನೂ ಒಬ್ಬ ಸಾಹುಕಾರನ ಮಗನೂ ನಿಂತಿದ್ದರು.

ಜ್ಞಾನಾಂಬೆ ಮೊದಲ ಒಗಟು ಕೇಳಿದಳು. "ಅದಕ್ಕೆ ಕೈಯಿಲ್ಲ, ಕತ್ತಿಯಿಲ್ಲ. ಆದರೂ ತಲೆ ಬಾಗದವನಿಗೆ ಏಟು ಕೊಡುತ್ತದೆ. ಬಾಗಿದವನನ್ನು ಸುಮ್ಮನೆ ಒಳಗೆ ಬಿಡುತ್ತದೆ. ಏನದು?"

"ಸಾವು!" ಎಂದ ರಾಜಕುಮಾರ.

"ಸಾವು ಬಾಗಿದವನನ್ನೂ ಬಿಡುವುದಿಲ್ಲ" ಎಂದಳು ಕುಮಾರಿ. ಭಟರು ಅವನನ್ನು ಎಳೆದೊಯ್ದರು.

ಇನ್ನಾಸಪ್ಪನ ಕೈ ಇನ್ನೂ ಬುಗುಟೆಯ ಮೇಲೇ ಇತ್ತು. "ತಗ್ಗಿನ ಬಾಗ್ಲು ಅಮ್ಮಣ್ಣಿ. ಈಗ ತಾನೇ ಹೊಡೀತು" ಎಂದ. ಸಭೆ ಗೊಳ್ಳೆಂದಿತು. ಉತ್ತರ ಸರಿಯಾಗಿತ್ತು. ಕುಮಾರಿ ಎರಡನೆಯದನ್ನು ಕೇಳಿದಳು.

"ಊರಿನ ಕೊಳೆಯೆಲ್ಲ ತೊಳೆದು ತಾನು ಕೊಳೆಯಾಗುತ್ತದೆ. ಎಲ್ಲಿಟ್ಟರೂ ಕೆಳಗಿನ ಜಾಗವನ್ನೇ ಹುಡುಕುತ್ತದೆ. ಅದು ಬರದಿದ್ದರೆ ಅರಸನೂ ಆಕಾಶ ನೋಡುತ್ತಾನೆ."

"ಸೀಗೆಕಾಯಿ!" ಎಂದು ಸಾಹುಕಾರನ ಮಗ ಮುಂದೆ ನುಗ್ಗಿದ. ಸೀಗೆಕಾಯಿಗಾಗಿ ಆಕಾಶ ನೋಡುವ ಅರಸ ಯಾವ ಸೀಮೆಯಲ್ಲಿದ್ದಾನೆ? ಅವನೂ ಸೆರೆಮನೆಗೆ ನಡೆದ.

ಇನ್ನಾಸಪ್ಪನಿಗೆ ದೊಡ್ಡ ಗುರುವಾರದ ನೆನಪಾಯಿತು. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದಂತೆ ಅಂದು ಇಗರ್ಜಿ ಗುಡಿಯ ಪಾದ್ರಿಸ್ವಾಮಿಗಳು ನೆಲಕ್ಕೆ ಕೂತು ಕೇರಿಯ ಹನ್ನೆರಡು ಜನರ ಕಾಲು ತೊಳೆಯುತ್ತಿದ್ದರು, ಹಿತ್ತಾಳೆ ತಟ್ಟೆಯಲ್ಲಿ ಕೆಂಪು ಮಣ್ಣಿನ ನೀರು ನಿಲ್ಲುತ್ತಿತ್ತು. "ನೀರು" ಎಂದ.

ಜನ ಚಪ್ಪಾಳೆ ತಟ್ಟಿದರು. ಇನ್ನಾಸಪ್ಪನ ಎದೆ ಉಬ್ಬಿತು. ಯಾರನ್ನೂ ಕೇಳದೆ ಎರಡು ಬಿಡಿಸಿದೆನಲ್ಲ, ಅಣ್ಣನಿಗಿಂತ ನಾನೇ ಜಾಣನೇನೋ ಅಂದುಕೊಂಡ. "ಮೂರನೇದೂ ಕೇಳ್ಬಿಡಿ ಅಮ್ಮಣ್ಣಿ" ಎಂದ, ಸ್ವಲ್ಪ ಬಿಗುವಾಗಿಯೇ.

ಕುಮಾರಿಯ ದನಿ ತಗ್ಗಿತು. "ಅದರಲ್ಲಿ ಅರ್ಧ ನನ್ನದು. ಉಳಿದರ್ಧವನ್ನು ದುಡ್ಡು ಕೊಟ್ಟು ತರುವಂತಿಲ್ಲ, ಅಪ್ಪಣೆ ಮಾಡಿ ಪಡೆಯುವಂತಿಲ್ಲ. ಇನ್ನೊಬ್ಬರು ತಾವಾಗಿ ಕೊಟ್ಟರಷ್ಟೇ ಉಂಟು. ಏನದು?"

ಮದುವೆ ಎನ್ನೋಣವೆಂದರೆ, ಅಪ್ಪಣೆಯ ಮೇಲೆಯೇ ಆಗುವ ಮದುವೆಗಳು ಲೋಕದ ತುಂಬ ಇವೆ. ಇನ್ನಾಸಪ್ಪನಿಗೆ ಏನೂ ಹೊಳೆಯಲಿಲ್ಲ. ಉಬ್ಬಿದ ಎದೆ ಇಳಿದುಹೋಯಿತು. ತನ್ನ ತಲೆ ಹೋದರೆ ಹೋಗಲಿ, ಅಣ್ಣ? ಎರಡು ಹೆಣ ಕಂಡು ಅವ್ವ ಉಳಿದಾಳೇ?

ಅವನು ಅಲ್ಲಿಯೇ ಮೊಣಕಾಲೂರಿದ. "ಯೇಸುಸ್ವಾಮಿ, ನನ್ನ ಕೈಲಾಗಲ್ಲ" ಎಂದು ಕೈಮುಗಿದು, ಬಾಯಿಗೆ ಬಂದ ದೇವಮಾತೆಯ ಜಪ ಶುರುಮಾಡಿದ. "ನಮೋ ಮರಿಯಾ" ಎಂದು ಮೊದಲರ್ಧ ಹೇಳಿ ನಿಲ್ಲಿಸಿದ. ಕೇರಿಯಲ್ಲಿ ಮೊದಲರ್ಧ ಒಬ್ಬರದು, ಉಳಿದರ್ಧ ಮಿಕ್ಕವರದು; ಎರಡನ್ನೂ ಒಬ್ಬನೇ ಹೇಳಿ ಅವನಿಗೆ ಅಭ್ಯಾಸವೇ ಇರಲಿಲ್ಲ. ಅವನು ತಲೆ ತಗ್ಗಿಸಿ ಕಾದ.

ಆಗ ಒಂದು ಹೆಣ್ಣುದನಿ ಉಳಿದರ್ಧ ಹೇಳಿತು. ಇನ್ನಾಸಪ್ಪ ತಲೆ ಎತ್ತಿದರೆ ಜ್ಞಾನಾಂಬೆ ಪೀಠ ಬಿಟ್ಟಿಳಿದು ನೆಲದಲ್ಲಿ ಮೊಣಕಾಲೂರಿದ್ದಳು.

ಮಂತ್ರಿ ಎದ್ದು ನಿಂತ. "ಮಹಾಸ್ವಾಮಿ, ಇವನು ಉತ್ತರವನ್ನೇ ಹೇಳಲಿಲ್ಲ. ತುಂಬಿಸಿಕೊಟ್ಟದ್ದು ಕುಮಾರಿ!"

"ದಿಟ ಬುದ್ಧಿ" ಎಂದ ಇನ್ನಾಸಪ್ಪ. "ನಂದು ಅರ್ಧವೇ. ಉಳಿದದ್ದು ಯಾವತ್ತೂ ನಂದಲ್ಲ."

ಜ್ಞಾನಾಂಬೆ ಅಳುತ್ತಳುತ್ತ ನಕ್ಕುಬಿಟ್ಟಳು. "ಅಪ್ಪಾಜಿ, ಅದೇ ಉತ್ತರ! ಕೂಡಿ ಮಾಡುವ ಜಪ. ಮೂರೂ ಅಮ್ಮನಿಂದ ಕಲಿತದ್ದು. ಜಪದ ಕೋಣೆಯ ಬಾಗಿಲು ತಗ್ಗು. ರಾಣಿಯಾದರೂ ಬಗ್ಗಿಯೇ ಹೋಗುತ್ತಿದ್ದಳು. ದಾಸಿಯರ ಮಕ್ಕಳಿಗೆ ತಾನೇ ನೀರೆರೆಯುತ್ತಿದ್ದಳು. ಸಂಜೆ ಮೊದಲರ್ಧ ಅವಳದು, ಉಳಿದರ್ಧ ನನ್ನದು. ಅವಳು ಹೋದ ಮೇಲೆ ಮೊದಲರ್ಧ ನಾನು ಹೇಳಿ ಕಾಯುತ್ತೇನೆ. ಯಾರೂ ಇಲ್ಲ. ಹೇಳಿರೆಂದರೆ ದಾಸಿಯರು ಹೇಳುತ್ತಾರೆ, ಆದರೆ ಅದು ನನ್ನ ಭಯಕ್ಕೆ."

ದೊರೆ ಇಳಿದು ಬಂದು ಮಗಳನ್ನು ಕೈಹಿಡಿದು ಎಬ್ಬಿಸಿದ. ಆಮೇಲೆ ಇನ್ನಾಸಪ್ಪನ ಕಡೆ ತಿರುಗಿ, "ಅರ್ಧ ರಾಜ್ಯ ನಿನ್ನದಪ್ಪಾ" ಎಂದ.

"ರಾಜ್ಯ ಆಳೋಕ್ ನಂಗ್ ಬರಲ್ಲ ಬುದ್ಧಿ. ಸೆರೆಮನೆ ಬಾಗ್ಲು ತೆಗೆಸಿ, ಸಾಕು."

ಬಾಗಿಲು ತೆಗೆಯಿತು. ಚೌರಪ್ಪ ಓಡಿಬಂದು ತಮ್ಮನನ್ನು ತಬ್ಬಿಕೊಂಡು ಮಗುವಿನಂತೆ ಅತ್ತ. ಕುಮಾರಿ ಇನ್ನಾಸಪ್ಪನನ್ನು ಮೆಚ್ಚಿ ಒಪ್ಪಿದಳು. ಮದುವೆ ಕೇರಿಯ ಗುಡಿಯಲ್ಲೇ ನಡೆಯಿತು. ಸೀಗೆಕಾಯಿಯ ಸಾಹುಕಾರನ ಮಗನೂ ಬಂದು ಹೊಟ್ಟೆತುಂಬ ಉಂಡು ಹೋದ.

ಅಂದು ಸಂಜೆಯ ಜಪಕ್ಕೆ ದೊರೆಯೂ ಬಂದ. ಹಿಂದಿನ ಸಾಲಿನಲ್ಲಿ, ಆರೋಗ್ಯಮ್ಮ ಸರಿದು ಕೊಟ್ಟ ಚಾಪೆಯ ತುದಿಯಲ್ಲಿ ಕೂತ. ಹೆಂಡತಿ ಇದ್ದಾಗ ಒಂದು ದಿನವೂ ಅವಳ ಜೊತೆ ಕೂತವನಲ್ಲ. ಮಾತು ಮಾತಿಗೂ ತಡವರಿಸಿದ. ಎಲ್ಲರೂ ಮುಗಿಸಿದರೂ ಅವನದು ಮುಗಿದಿರಲಿಲ್ಲ. ಕೇರಿಯವರು ಜಪಸರದ ಮುಂದಿನ ಮಣಿ ಹಿಡಿಯದೆ ಹಾಗೆಯೇ ಕೂತು, ದೊರೆ ಮುಗಿಸುವ ತನಕ ಕಾದರು.